ಹೊಟ್ಟೆನೋವಲ್ಲ

ಡಾಕ್ಟರು ಸಿಂಚನಾಳ ಕಡೆ ತಿರುಗಿ, ಅಮ್ಮನಿಗೆ ಏನಾಗಿದೆ ಎಂದು ಹಿಂದಿಯಲ್ಲಿ ಕೇಳಿದರು. ಸಿಂಚನಾ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು.

"ಪೇಟ್ ಮೇ ದರ್ದ್ ಹೈ," ಎಂದಳು ಸಿಂಚನಾ.

ಹೊಟ್ಟೆನೋವು ಅಂತಷ್ಟೇ ಹೇಳಬೇಕೆಂದು ಅಪ್ಪ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಹೇಳಿಕೊಟ್ಟಿದ್ದರು. ಅವರದು ಕೇಂದ್ರ ಸರ್ಕಾರದ ಕೆಲಸ, ಪಾರ್ಲಿಮೆಂಟ್ ಅಧಿವೇಶನ ನಡೆಯುವಾಗ ರಜೆ ಸಿಗುವುದು ಕನಸಿನ ಮಾತು. ಅಮ್ಮನ ಹಿಂದಿಯೋ, ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟು. ಹಾಗಾಗಿ ಐದನೇ ಕ್ಲಾಸಿನ ಸಿಂಚನಾ ಇವತ್ತು ಸ್ಕೂಲಿಗೆ ರಜೆ ಹಾಕಿ ಜೊತೆಗೆ ಬಂದಿದ್ದಳು.

ನಿಜ ಹೇಳಬೇಕೆಂದರೆ ಅಮ್ಮನ ಹೊಟ್ಟೆ ಚೆನ್ನಾಗಿಯೇ ಇತ್ತು. ದೀಪಾವಳಿಯಿಂದೀಚೆಗೆ ಅವಳಿಗೆ ನಿದ್ದೆಯಿಲ್ಲ. ಕುಕ್ಕರ್ ಕೂಗಿದರೂ ಎದೆ ಡವಡವ. ಮೆಟ್ಟಿಲಿಳಿದು ಮಾರ್ಕೆಟ್ಟಿಗೆ ಹೋಗಲೂ ಭಯ. ನಿನ್ನೆಯಂತೂ ಹಾಲು ಉಕ್ಕಿ, ಬೆಂಕಿ ಆರಿ, ಅಡುಗೆಮನೆ ತುಂಬ ಗ್ಯಾಸ್ ವಾಸನೆ. ಅಮ್ಮ ಅಲ್ಲೇ ಸುಮ್ಮನೆ ನಿಂತಿದ್ದಳು. ಸಿಂಚನಾ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದ್ದಳು. ಅದನ್ನು ಅಪ್ಪನಿಗೂ ಹೇಳಿರಲಿಲ್ಲ.

ಅಪ್ಪನ ಹೆದರಿಕೆಯೇ ಬೇರೆ. ಈ ಡಿಸ್ಪೆನ್ಸರಿಗೆ ಬರುವವರೆಲ್ಲ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸ್‌ನವರು. 'ಚಂದ್ರಕಾಂತನ ಹೆಂಡತಿಗೆ ತಲೆ ಕೆಟ್ಟಿದೆಯಂತೆ' ಎಂದು ಒಬ್ಬರ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಎಲ್ಲ ಬ್ಲಾಕಿಗೂ ಸುದ್ದಿ. ಈಗಲೂ ತೆರೆದ ಬಾಗಿಲಿನಾಚೆ ಬೆಂಚಿನ ಮೇಲೆ ಅಪ್ಪನ ಮೇಲಧಿಕಾರಿಯ ಹೆಂಡತಿ ಚೌಧರಿ ಆಂಟಿ ಕುಳಿತಿದ್ದರು. ಅವರ ಕಿವಿ ಬಲು ಚುರುಕು.

ಡಾಕ್ಟರು ಅಮ್ಮನ ಹೊಟ್ಟೆ ಒತ್ತಿ ನೋಡಿ, ಗ್ಯಾಸ್ಟ್ರಿಕ್ ಮಾತ್ರೆ ಬರೆದು, "ಚಲೋ, ನೆಕ್ಸ್ಟ್," ಎಂದರು.

ಅಮ್ಮ ಎದ್ದಳು. ಸಿಂಚನಾ ಕುಳಿತೇ ಇದ್ದಳು. ಮಧ್ಯಾಹ್ನ ಅಮ್ಮ ಈ ಮಾತ್ರೆ ನುಂಗುತ್ತಾಳೆ. ನಾಳೆ ತಾನು ಸ್ಕೂಲಿಗೆ ಹೋಗಬೇಕು. ಮನೆಯಲ್ಲಿ ಅಮ್ಮ ಒಬ್ಬಳೇ, ಒಲೆಯ ಮುಂದೆ. ಸಿಂಚನಾಗೆ ಅಳು ಬಂತು.

"ಪೇಟ್ ಮೇ ನಹೀ, ಡಾಕ್ಟರ್ ಅಂಕಲ್," ಎಂದಳು. "ಸಾರಿ, ಮೈನೇ ಝೂಟ್ ಬೋಲಾ."

ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ ಮೇಲೆ ನಿದ್ದೆ, ಭಯ, ಗ್ಯಾಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೊರಗೆ ಬೆಂಚಿನ ಮೇಲಿನ ಮಾತು ನಿಂತಿತು. ಡಾಕ್ಟರು ಪೆನ್ನು ಕೆಳಗಿಟ್ಟು, ತಾವೇ ಎದ್ದು ಬಾಗಿಲು ಮುಚ್ಚಿ ಬಂದರು. ಈ ಸಲ ಅವರು ನೋಡಿದ್ದು ಸಿಂಚನಾಳನ್ನಲ್ಲ, ಅಮ್ಮನನ್ನು.

"ಬಹುತ್ ಡರ್ ಲಗ್ತಾ ಹೈ?" ಎಂದು ನಿಧಾನವಾಗಿ ಕೇಳಿದರು.

ತುಂಬ ಭಯ ಆಗುತ್ತಾ ಅಂತ ಸಿಂಚನಾ ಕನ್ನಡದಲ್ಲಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮನೇ, "ಹಾಂ ಜೀ. ರೋಜ್," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇದಕ್ಕೂ ಔಷಧಿ ಇದೆ ಎಂದರು ಡಾಕ್ಟರು. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮನಸ್ಸಿನ ಡಾಕ್ಟರು ಅಲ್ಲಿ ವಾರಕ್ಕೆರಡೇ ದಿನ ಸಿಗುತ್ತಾರೆ, ರಶ್ಶೋ ರಶ್ಶು, ಬೆಳಿಗ್ಗೆ ಬೇಗ ಹೋಗಿ, ಅಪ್ಪನನ್ನೂ ಕರೆದುಕೊಂಡು ಹೋಗಿ ಎಂದರು. ಅಲ್ಲಿಯವರೆಗೆ ಅಮ್ಮನನ್ನು ಒಬ್ಬಳೇ ಬಿಡಬಾರದಂತೆ.

ಹೊರಗೆ ಬಂದಾಗ ಚೌಧರಿ ಆಂಟಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸಿಂಚನಾ ತಲೆ ತಗ್ಗಿಸಿ ಗೇಟಿನವರೆಗೆ ಸರಸರ ನಡೆದಳು. ಅಪ್ಪನಿಗೆ ಏನು ಹೇಳುವುದೋ ಅವಳಿಗೆ ಗೊತ್ತಾಗಲಿಲ್ಲ.

ಆದರೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ. ಡಾಕ್ಟರು ಕೇಳಿದ ಕೂಡಲೇ ಅಮ್ಮ, ಹೌದು, ದಿನಾ ಭಯ ಅಂತ ಉತ್ತರ ಕೊಟ್ಟಳಲ್ಲ! ಇಷ್ಟು ದಿನ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

ರಸ್ತೆ ದಾಟುವ ಮೊದಲು ಸಿಂಚನಾ ಅಮ್ಮನ ಕೈ ಹಿಡಿದುಕೊಂಡಳು.

"ಅಮ್ಮಾ, ಈಗ್ಲೂ ಭಯ ಆಗ್ತಿದ್ಯಾ?"

"ಆಗ್ತಿದೆ ಪುಟ್ಟಿ," ಎಂದಳು ಅಮ್ಮ.