ದರ್ಜಿಯ ಕುತ್ತಿಗೆ

ನಾನು ನರ್ಸು; ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಬೆಳಿಗ್ಗೆ ಒಬ್ಬ ದರ್ಜಿಗೆ ಎಂಡೋಸ್ಕೋಪಿ ಮಾಡಿ, ಕಿರಿದಾಗಿದ್ದ ಅನ್ನನಾಳವನ್ನು ಹಿಗ್ಗಿಸಿದ್ದರು. ಮಧ್ಯಾಹ್ನ ಎದೆನೋವು, ಜ್ವರ ಶುರುವಾಯಿತು. "ಗ್ಯಾಸ್ ಇರ್ಬೇಕು, ನೀರು ಕೊಡಿ," ಎಂದರು ಡಾಕ್ಟರು.

ಲೋಟ ಹಿಡಿದು ಹೋದೆ. "ಸಿಸ್ಟರ್, ಈ ಅಮ್ಮನಿಗೆ ಸ್ವಲ್ಪ ಹೇಳಿ," ಎಂದ ದರ್ಜಿ. "ಆಗ್ಲಿಂದ ಕುತ್ತಿಗೆ ಒತ್ತುತ್ತಾನೇ ಇದ್ದಾರೆ. ಕೈ ಮಂಜುಗಡ್ಡೆ ಥರ ಇದೆ."

ಅಲ್ಲಿ ಯಾರೂ ಇರಲಿಲ್ಲ. ಅವನು ತೋರಿಸಿದಲ್ಲಿ ಮುಟ್ಟಿದೆ. ಮೈ ಕೆಂಡವಾಗಿದ್ದರೂ ಅಷ್ಟು ಜಾಗ ಮಾತ್ರ ತಣ್ಣಗಿತ್ತು. ಒತ್ತಿದರೆ ಚರ್ಮದಡಿ ತರಗೆಲೆ ತುಳಿದಂತೆ ಚರಚರ ಸದ್ದು. ಒಳಗೆ ಗಾಳಿ ಸೋರುತ್ತಿತ್ತು. ನೀರು ಕೊಡದೆ ಡಾಕ್ಟರ ಬಳಿಗೆ ಓಡಿದೆ. ಸ್ಕ್ಯಾನಿನಲ್ಲಿ ಅನ್ನನಾಳ ತೂತಾಗಿರುವುದು ಕಂಡಿತು. ಸಂಜೆಯೊಳಗೆ ಆಪರೇಷನ್ ಆಗಿ ಜೀವ ಉಳಿಯಿತು.

ಹದಿನೈದನೆಯ ದಿನ ಅವನು ಎದ್ದು ಕೂತ. ಪಕ್ಕಕ್ಕೆ ಸರಿದು, ನನ್ನತ್ತ ನೋಡದೆ, "ಕೂತ್ಕೊಳ್ಳಿ," ಎಂದ. ಖಾಲಿ ಜಾಗದಲ್ಲಿ ಹಾಸಿಗೆ ಮೆಲ್ಲಗೆ ತಗ್ಗಿತು.