ಪುಟ ನೂರ ಹನ್ನೆರಡರ ಕಣ್ಣೀರು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಅರವತ್ತೊಂದು ವರ್ಷದ ಗಂಡಸು, ಏನು ಕಳುವಾಗಿದೆ ಎಂದು ಕೇಳಿದ್ದಕ್ಕೆ, "ಒಂಬತ್ತು ಸಾವಿರದ ಇನ್ನೂರು ಪ್ರಶ್ನೆ. ಅಷ್ಟೇ ಉತ್ತರ" ಎಂದರು.

ಹೆಡ್ ಕಾನ್ಸ್‌ಟೆಬಲ್ ಪೆನ್ನಿಗೆ ಮತ್ತೆ ಕ್ಯಾಪು ಹಾಕಿದ. "ಪ್ರಶ್ನೆ ನಮ್ಮ ಹತ್ರಾನೂ ಕಪಾಟು ತುಂಬಾ ಇದೆ ಸಾರ್. ಉತ್ತರ ಸಿಗದೆ ಕೂತಿದೀವಿ. ವಸ್ತು ಏನು, ಅದನ್ನ ಹೇಳಿ."

ವಸ್ತು: ನೀಲಿ ಬಟ್ಟೆಯ ಬೈಂಡಿನ ದಪ್ಪ ಪುಸ್ತಕ, ಒಂದು. ಮುನ್ನೂರ ಹನ್ನೆರಡು ಪುಟ, ಎಲ್ಲವೂ ಕೈಬರಹ.

ಫಿರ್ಯಾದಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳದಿದ್ದರೂ ಎಲ್ಲರಿಗೂ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಗುರುವಾರ ಸಂಜೆ ಆರೂವರೆಗೆ ರೈಲ್ವೆ ಗೇಟಿನ ಪಕ್ಕದ ಬಾರಿನಲ್ಲಿ ಸಾಮಾನ್ಯ ಜ್ಞಾನದ ಕ್ವಿಜ್ ನಡೆಸುತ್ತಿದ್ದರು. ಬೆನ್ನು ಬಾಗಿ, ತಲೆ ಮುಂದಕ್ಕೆ ಚಾಚಿ, ಕಾಲ ಬಳಿ ದುಂಡನೆಯ ಟಿಫಿನ್ ಡಬ್ಬಿ ಇಟ್ಟುಕೊಂಡು ನಿಂತರೆ ಅವರೇ ಒಂದು ಪ್ರಶ್ನಾರ್ಥಕ ಚಿಹ್ನೆಯಂತೆ ಕಾಣುತ್ತಿದ್ದರು.

ಮಂಗಳವಾರ ರಾತ್ರಿ ಹೊಸ ಪ್ರಶ್ನೆ ಬರೆದು ಬಾರಿನ ಕೌಂಟರಿನ ಕೆಳಗಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದರು. ನಿನ್ನೆ ಸಂಜೆ ಆರು ಹತ್ತಕ್ಕೆ ಬೀಗ ತೆಗೆದರೆ ಪುಸ್ತಕವಿಲ್ಲ. ಕ್ವಿಜ್ ರದ್ದಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಅದೇ ಮೊದಲು.

"ಅದಿಲ್ದೆ ನಾನು ಬಾಯಿ ಬಿಡಲ್ಲ ಸಾರ್. ಪುಸ್ತಕ ಸಿಗದಿದ್ರೆ ಕ್ವಿಜ್ ಮುಗೀತು, ನಾನೂ ಮುಗಿದೆ."

ಬೆಲೆಯ ಕಾಲಂನಲ್ಲಿ ಮೇಷ್ಟ್ರು 'ಅಮೂಲ್ಯ' ಎಂದು ಬರೆಸಿದರು. ಟೈಪ್ ಮಾಡುತ್ತಿದ್ದ ಕಾನ್ಸ್‌ಟೆಬಲ್ ತಲೆ ಎತ್ತಿ, "ಈ ಅಮೂಲ್ಯ ಯಾರು, ಸಾಕ್ಷೀನಾ?" ಎಂದ.

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್ಸ್‌ಟೆಬಲ್ ಅದನ್ನು ಗಟ್ಟಿಯಾಗಿ ಓದಿದ, ಅದೂ ಮೇಷ್ಟ್ರ ದನಿಯಲ್ಲೇ, ಅವರ ಮೂಗಿನ ಗುಂಯ್ ಸಮೇತ. ಮೇಷ್ಟ್ರು ಬೆಚ್ಚಿ ಹಿಂದೆ ತಿರುಗಿ ನೋಡಿದರು. ಇಡೀ ಇಲಾಖೆ ಆ ಹೆಡ್ ಕಾನ್ಸ್‌ಟೆಬಲ್‌ನನ್ನು ಗಿಳಿ ಎಂದು ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಒಮ್ಮೆ ವಯರ್‌ಲೆಸ್ಸಿನಲ್ಲಿ ಡಿವೈಎಸ್‌ಪಿ ಸಾಹೇಬರ ದನಿಯಲ್ಲಿ ತನಗೆ ತಾನೇ ಎರಡು ದಿನ ರಜೆ ಮಂಜೂರು ಮಾಡಿಕೊಂಡಿದ್ದ.

"ಗಿಳಿ, ಸಾಕು. ಜೀಪ್ ತೆಗಿ" ಎನ್ನುತ್ತ ಇನ್‌ಸ್ಪೆಕ್ಟರ್ ಹೊರಗೆ ಬಂದರು. ನಲವತ್ತು ದಾಟಿದ ಹೆಂಗಸು. ಕಡಿಮೆ ಮಾತು. ನಕ್ಕರೆ ಅದನ್ನೂ ಕೇಸ್ ಡೈರಿಯಲ್ಲಿ ಬರೆಯಬೇಕಾದಷ್ಟು ಅಪರೂಪ.

ಹನ್ನೆರಡೂ ಕಾಲಿಗೆ ಬಾರಿನಲ್ಲಿ ಸ್ಥಳ ಪಂಚನಾಮೆ. ಬೀಗ ಮುರಿದಿಲ್ಲ. ಬೆರಳಚ್ಚಿನ ಪುಡಿ ಉದುರಿಸಿದ್ದರಲ್ಲಿ ಅರ್ಧ ಕಡಲೆಬೀಜದ ತಟ್ಟೆಗೆ ಬಿತ್ತು. ಡ್ರಾಯರಿನಲ್ಲಿ ಉಳಿದಿದ್ದು ಪುಸ್ತಕ ಸುತ್ತಿಡುತ್ತಿದ್ದ ಬಿಳಿ ಬಟ್ಟೆ ಮಾತ್ರ. ನಾಲ್ಕು ಮಡಿಕೆ, ಮೂಲೆಗಳು ಓರೆಯಾಗಿ ಒಳಕ್ಕೆ ಸಿಕ್ಕಿಸಿ, ಒಂದು ಸುಕ್ಕಿಲ್ಲದೆ ಮಡಚಿತ್ತು.

"ನೀವು ಹೀಗೆ ಮಡಚ್ತೀರಾ?"

"ನಾನಾ? ಉಂಡೆ ಮಾಡಿ ತುರುಕ್ತೀನಿ."

"ಕೀಲಿ?"

"ನನ್ನ ಹತ್ರಾನೇ. ಮನೇಲಿ ಬಾಗಿಲ ಪಕ್ಕದ ಮೊಳೇಲಿ ನೇತಾಕ್ತೀನಿ."

"ಪುಸ್ತಕಾನೇ ಮನೇಲಿ ಇಡಬಹುದಿತ್ತಲ್ಲ?"

"ಅಕ್ಕ ಓದಿಬಿಡ್ತಾಳೆ ಮೇಡಂ. ಸ್ಪರ್ಧಿಗಳು ಓದಬಾರದು."

"ಅವರೂ ಸ್ಪರ್ಧಿನಾ?"

"ಆಗಿದ್ದಳು."

ಇನ್‌ಸ್ಪೆಕ್ಟರ್ ಆ ಒಂದು ಪದಕ್ಕೆ ಅಡಿಗೆರೆ ಎಳೆದುಕೊಂಡರು. ಬಾರಿನ ಮಾಲೀಕನ ಕಡೆ ತಿರುಗಿ, "ಬುಧವಾರ, ಗುರುವಾರ ಹೊರಗಿನವರು ಯಾರಾದ್ರೂ ಕೌಂಟರ್ ಒಳಗೆ ಬಂದಿದ್ರಾ?" ಎಂದು ಕೇಳಿದರು. ಇಲ್ಲ ಎಂದ.

ಮೇಷ್ಟ್ರ ಅನುಮಾನವೆಲ್ಲ ಹಲ್ಲು ಡಾಕ್ಟರ ಮೇಲೆ. ಅವರ ತಂಡದ ಹೆಸರು 'ಬುದ್ಧಿಹಲ್ಲು'; ಒಂಬತ್ತು ವರ್ಷದಿಂದ ಎರಡನೇ ಸ್ಥಾನ ಬಿಟ್ಟು ಕದಲಿಲ್ಲ. ಮಧ್ಯಾಹ್ನ ಮೂರಕ್ಕೆ ಕ್ಲಿನಿಕ್ಕಿನಲ್ಲಿ ವಿಚಾರಣೆ.

"ಬುಧವಾರ ಎಲ್ಲಿದ್ರಿ?"

"ಇಲ್ಲೇ. ರೂಟ್ ಕೆನಾಲ್."

"ಸಾಕ್ಷಿ?"

"ಇದಾನೆ. ದಿನವಿಡೀ ಬಾಯಿ ತೆಗೆದುಕೊಂಡೇ ಇದ್ದ. ಮಾತು ಮಾತ್ರ ಬರ್ತಿರಲಿಲ್ಲ."

"ಪುಸ್ತಕ ನಿಮಗೆ ಸಿಕ್ಕಿದ್ರೆ ಗೆಲ್ತಿದ್ರಿ."

"ಮೊದಲೇ ಉತ್ತರ ನೋಡ್ಕೊಂಡು ಗೆಲ್ಲೋದಾಗಿದ್ರೆ ಒಂಬತ್ತು ವರ್ಷ ಯಾಕೆ ಕಾಯಲಿ ಮೇಡಂ? ಅದೂ ಅಲ್ದೆ ಆ ಪುಸ್ತಕದ ತುಂಬಾ ತಪ್ಪು. ಆದ್ರೆ ಮೇಷ್ಟ್ರದು ಒಂದೇ ಕಾನೂನು. ಪುಸ್ತಕದಲ್ಲಿ ಏನಿದೆಯೋ ಅದೇ ಉತ್ತರ. ಸೂರ್ಯ ಪಶ್ಚಿಮಕ್ಕೆ ಹುಟ್ತಾನೆ ಅಂತ ಬರೆದಿದ್ರೆ ಸೂರ್ಯನಿಗೇ ಮಾರ್ಕು ಕಟ್."

ಹೊರಗೆ ಬಂದು ಗಿಳಿ ಡಾಕ್ಟರ ದನಿಯಲ್ಲಿ, "ಆ ಮಾಡಿ... ಇನ್ನೂ ದೊಡ್ಡದಾಗಿ" ಎಂದ. ಇನ್‌ಸ್ಪೆಕ್ಟರ್ ನಗಲಿಲ್ಲ. ಅವರು ಬಟ್ಟೆಯ ಮಡಿಕೆಯ ಬಗ್ಗೆ ಯೋಚಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ತಮ್ಮನ ಕೋಣೆಯಲ್ಲಿ ಹಳೇ ಪತ್ರಿಕೆಗಳ ಬೆಟ್ಟ. ಅರವತ್ತೊಂಬತ್ತು ವರ್ಷದ ಅಕ್ಕನ ಕೋಣೆಯಲ್ಲಿ ಮಂಚ, ಟ್ರಂಕು, ಗೋಡೆ ಗಡಿಯಾರ. ಹಾಸಿಗೆಯ ಮೇಲೆ ಬಿಳಿ ಹೊದಿಕೆ. ಅದರ ಮೂಲೆಗಳು ಓರೆಯಾಗಿ ಒಳಕ್ಕೆ ಸಿಕ್ಕಿಕೊಂಡಿದ್ದವು. ಒಂದು ಸುಕ್ಕಿಲ್ಲ.

ಅಕ್ಕ ಟೀ ತಂದಿಟ್ಟರು. "ಇವನು ಎರಡು ದಿನದಿಂದ ಊಟ ಬಿಟ್ಟಿದಾನಮ್ಮ. ಬೇಗ ಹುಡುಕಿಕೊಡಿ" ಎಂದು, ಬೇರೆ ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

"ಮೇಷ್ಟ್ರೇ, ನಿಮ್ಮ ತೀರ್ಪಿಗೆ ತಕರಾರು ಮಾಡಿದವರು ಯಾರ್ಯಾರು?"

"ಹಲ್ಲು ಡಾಕ್ಟ್ರು, ಪ್ರತಿ ವಾರ."

"ಒಂದೇ ಸಲ ಮಾಡಿದವರು?"

ಮೇಷ್ಟ್ರು ಟೀ ಆರಿಸಿದರು. "ಅಕ್ಕ. ಆರು ತಿಂಗಳ ಹಿಂದೆ. ಆಗ ತಾನೇ ಹುಟ್ಟಿದ ಮಗು ಅತ್ತರೆ ಕಣ್ಣೀರು ಬರುತ್ತದೆಯೇ, ಅಂತ ಪ್ರಶ್ನೆ. ಬರಲ್ಲ ಅಂದಳು. ಪುಟ ನೂರ ಹನ್ನೆರಡರಲ್ಲಿ ಬರುತ್ತದೆ ಅಂತಿದೆ. ವಾದಕ್ಕೆ ನಿಂತಳು. 'ಅಕ್ಕಾ, ಕೂತ್ಕೋ, ಪುಸ್ತಕಕ್ಕಿಂತ ನೀನು ಹೆಚ್ಚಾ?' ಅಂದೆ. ಬಾರಿಗೆ ಬಾರೇ ನಕ್ಕಿತು. ಆಮೇಲೆ ಬಂದಿಲ್ಲ. ಕಾಲು ನೋವಂತೆ."

"ಅವರು ಏನು ಕೆಲಸ ಮಾಡ್ತಿದ್ರು?"

"ನರ್ಸು. ಹೆರಿಗೆ ವಾರ್ಡಲ್ಲಿ. ಮೂವತ್ತನಾಲ್ಕು ವರ್ಷ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

ಹನ್ನೊಂದು ಗಂಟೆಗೆ ಬಾರಿನ ಮಾಲೀಕನನ್ನು ಮತ್ತೆ ವಿಚಾರಿಸಲಾಯಿತು.

"ಬುಧವಾರ ಮೇಷ್ಟ್ರ ಅಕ್ಕ ಬಂದಿದ್ರಾ?"

"ಬಂದಿದ್ರು. ತಮ್ಮ ಡ್ರಾಯರಲ್ಲಿ ಕನ್ನಡಕ ಮರೆತಿದಾನೆ, ತಗೊಂಡೋಗ್ತೀನಿ ಅಂದ್ರು."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಹೊರಗಿನವರು ಅಂತ ಕೇಳಿದ್ರಿ ಮೇಡಂ. ಅವರು ನಮ್ಮವರಲ್ವಾ?"

ಆದರೆ ಕನ್ನಡಕದ ಕತೆ, ಬಟ್ಟೆಯ ಮಡಿಕೆ ಇಷ್ಟರ ಮೇಲೆ ದೋಷಾರೋಪ ಪಟ್ಟಿ ನಿಲ್ಲುವುದಿಲ್ಲ. ಮನೆ ಶೋಧಿಸಿ ಪುಸ್ತಕ ಸಿಗದಿದ್ದರೆ ಅಕ್ಕ ತಮ್ಮಂದಿರ ನಡುವೆ ಉಳಿದಿರುವ ಅರ್ಧ ಮಾತೂ ನಿಂತುಹೋಗುತ್ತದೆ. ಇನ್‌ಸ್ಪೆಕ್ಟರ್ ಗಿಳಿಯನ್ನು ಕರೆದು, "ಮೇಷ್ಟ್ರ ದನೀಲಿ ಎಷ್ಟು ಹೊತ್ತು ಮಾತಾಡ್ತೀಯ?" ಎಂದರು.

"ನೀವು ನಿಲ್ಲಿಸೋವರೆಗೂ."

ಮುಂದಿನ ಗುರುವಾರ ಸಂಜೆ ಆರೂವರೆಗೆ ಬಾರು ತುಂಬಿತ್ತು. ಮೇಷ್ಟ್ರು ಕೈಕಟ್ಟಿಕೊಂಡು ಮೂಲೆಯಲ್ಲಿ ಮುನಿಸಿಕೊಂಡು ಕೂತಿದ್ದರು. ಮೂರನೇ ಟೇಬಲ್ಲಿನಲ್ಲಿ ಅಕ್ಕ. ಇನ್‌ಸ್ಪೆಕ್ಟರ್ ಖುದ್ದು ಫೋನ್ ಮಾಡಿ ಕರೆದಿದ್ದರಿಂದ ಕಾಲು ನೋವು ಅಡ್ಡ ಬಂದಿರಲಿಲ್ಲ. ಗಿಳಿ ಮೈಕ್ ಹಿಡಿದು, ಮೂಗಿನಲ್ಲಿ ಗುಂಯ್ ತಂದುಕೊಂಡು, "ಸ್ಪರ್ಧಿಗಳೇ, ಮೊಬೈಲು ಜೇಬಿಗೆ, ಬುದ್ಧಿ ಕೈಗೆ" ಎಂದ. ಎಲ್ಲರೂ ಗೊಳ್ಳೆಂದರು. ಮೇಷ್ಟ್ರ ಬಾಯಿ ತಮಗರಿವಿಲ್ಲದೆ ಅದೇ ಮಾತಿಗೆ ಅಲ್ಲಾಡಿತು.

ಮೊದಲ ಸುತ್ತು: ಆಕ್ಟೋಪಸ್‌ಗೆ ಎಷ್ಟು ಹೃದಯ? ಮೂರು. ಸೂರ್ಯನಿಗೆ ಅತಿ ಹತ್ತಿರದ ಗ್ರಹ? ಬುಧ. ಹಲ್ಲು ಡಾಕ್ಟರು ಮುನ್ನಡೆಯಲ್ಲಿದ್ದರು. ಜನ್ಮದಲ್ಲಿ ಮೊದಲ ಸಲ ಬೆವರುತ್ತಿದ್ದರು.

ಏಳು ಗಂಟೆ ಐದು ನಿಮಿಷ. "ಆಗ ತಾನೇ ಹುಟ್ಟಿದ ಮಗು ಅತ್ತರೆ ಕಣ್ಣೀರು ಬರುತ್ತದೆಯೇ?"

ಮೇಷ್ಟ್ರು ಕತ್ತೆತ್ತಿದರು. ಉಳಿದೆಲ್ಲ ಟೇಬಲ್ಲಿನವರೂ ಬುದ್ಧಿವಂತರಾಗಿ 'ಬರುತ್ತದೆ' ಎಂದೇ ಬರೆದುಕೊಟ್ಟರು. ಮೂರನೇ ಟೇಬಲ್ಲಿನ ಚೀಟಿ ಖಾಲಿ.

"ಉತ್ತರ: ಬರುತ್ತದೆ" ಎಂದ ಗಿಳಿ, ತೋರುಬೆರಳು ಮೇಲೆತ್ತಿ. "ಪುಟ ನೂರ ಹನ್ನೆರಡು. ಪುಸ್ತಕದಲ್ಲಿ ಹಾಗೇ ಇದೆ."

"ಹಾಗಿಲ್ಲ" ಎಂದರು ಅಕ್ಕ. ಎದ್ದು ನಿಂತಿದ್ದರು. "ಈಗ ಹಾಗಿಲ್ಲ. ತಿದ್ದಿದೀನಿ."

ಹಲ್ಲು ಡಾಕ್ಟರ ಬಾಯಿ ತೆರೆದಿತ್ತು, ಯಾರೂ 'ಆ ಮಾಡಿ' ಎಂದು ಹೇಳಿರಲಿಲ್ಲ.

"ಪುಸ್ತಕ ಎಲ್ಲಿದೆಯಮ್ಮ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

"ನನ್ನ ಟ್ರಂಕಲ್ಲಿ. ಮೆಲ್ಲಗೆ ಕೇಳ್ಬೇಡಿ, ಗಟ್ಟಿಯಾಗೇ ಕೇಳಿ. ಅವತ್ತು ಎಲ್ಲರೂ ಗಟ್ಟಿಯಾಗೇ ನಕ್ಕಿದ್ರಲ್ಲ."

ಪುಸ್ತಕವನ್ನು ಅಂದೇ ಪಂಚರ ಮುಂದೆ ಜಪ್ತಿ ಮಾಡಲಾಯಿತು. ಸೂರ್ಯಾಸ್ತದ ನಂತರ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಬರಲು ಹೇಳಲಾಯಿತು. ಶುಕ್ರವಾರ ಹತ್ತು ನಲವತ್ತಕ್ಕೆ ಫಿರ್ಯಾದಿ ಮತ್ತು ಆರೋಪಿ ಒಂದೇ ಆಟೋದಲ್ಲಿ ಬಂದಿಳಿದರು.

ಆರೋಪಿಯ ಹೇಳಿಕೆ: "ಒಂದೇ ತಪ್ಪು ತಿದ್ದಿ ಗುರುವಾರ ಬೆಳಿಗ್ಗೆ ಇಟ್ಟುಬಿಡೋಣ ಅಂದ್ಕೊಂಡಿದ್ದೆ. ಪುಟ ತಿರುಗಿಸಿದ್ರೆ ಪಿತ್ತಕೋಶ ಎಡಗಡೆ ಇದೆ ಅಂತ ಬರೆದಿದಾನೆ. ನೋಡಿದ ಮೇಲೆ ಹೇಗಮ್ಮ ಬಿಟ್ಟು ಬರೋದು?" ಒಟ್ಟು ಅರವತ್ತಮೂರು ಕಡೆ ಕೆಂಪು ಶಾಯಿ. ಎಲ್ಲವೂ ಮೈ, ಕಾಯಿಲೆ, ಮಕ್ಕಳ ಬಗ್ಗೆ. ದೇಶ, ನದಿ, ಗ್ರಹ ಯಾವುದನ್ನೂ ಮುಟ್ಟಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನನಗೆ ಗೊತ್ತಿಲ್ದಿದ್ದಕ್ಕೆ ನಾನ್ಯಾಕೆ ಕೈ ಹಾಕ್ಲಿ?" ಎಂದಿದ್ದಾರೆ.

ದಸ್ತಗಿರಿ ಮೆಮೋದಲ್ಲಿ 'ಬಂಧನದ ವಿಷಯ ತಿಳಿಸಲಾದ ಸಂಬಂಧಿ' ಎಂಬಲ್ಲಿ ಫಿರ್ಯಾದಿಯ ಹೆಸರೇ ಬಂತು. ಜಾಮೀನುದಾರ ಎಂಬಲ್ಲಿಯೂ ಅದೇ.

"ನಾನು ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ."

"ಅದು ಬಾರಿನ ಆರ್ಡರ್ ಅಲ್ಲ ಮೇಷ್ಟ್ರೇ, ಬೇಡ ಅಂದ್ರೆ ವಾಪಸ್ ಹೋಗೋಕೆ. ಕೋರ್ಟಲ್ಲಿ ರಾಜಿ ಮಾಡ್ಕೊಳ್ಳಿ. ಸಹಿ ಹಾಕಿ."

ಸಹಿ ಹಾಕಿ ಮೇಷ್ಟ್ರು ಪುಟ ನೂರ ಹನ್ನೆರಡನ್ನು ತೆರೆದು ನೋಡುತ್ತ ಕೂತರು. ಕೆಂಪು ಅಕ್ಷರಗಳು ಆಸ್ಪತ್ರೆಯ ಚಾರ್ಟಿನಂತೆ ನೆಟ್ಟಗಿದ್ದವು.

"ಅಕ್ಕಾ... ನಿಜವಾಗ್ಲೂ ಬರಲ್ವಾ?"

"ಎರಡು ಮೂರು ವಾರ ಬರಲ್ಲ ಕಣೋ. ನೀನು ಹುಟ್ಟಿದಾಗ ನಂಗೆ ಎಂಟು ವರ್ಷ. ಅವತ್ತೇ ನೋಡಿದ್ದೆ. ಬರೀ ಕಿರುಚಾಟ, ಒಂದು ಹನಿ ಇಲ್ಲ. ಅಮ್ಮನ್ನ ಕೇಳ್ದೆ, ಇವನು ಸುಳ್ಳು ಅಳ್ತಿದಾನಾ ಅಂತ."

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

ಹನ್ನೆರಡು ಗಂಟೆಗೆ ಗಿಳಿ ಕೇಸ್ ಡೈರಿ ಮುಗಿಸಿ ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ್ ಕೊನೆಯ ಸಾಲು ಎರಡು ಸಲ ಓದಿದರು. ಹೊಡೆದು ಹಾಕಲು ಪೆನ್ನು ಎತ್ತಿದವರು ಕೆಳಗೆ ಸಹಿ ಮಾಡಿದರು.

'ಫಿರ್ಯಾದಿಯ ವಯಸ್ಸು ಅರವತ್ತೊಂದು. ಕಣ್ಣೀರು ಬಂದಿರುತ್ತದೆ.'