ಗೆರೆಯಲ್ಲೊಂದು ಖಾಲಿ

"ಉಸಿರು ಬಿಗಿ ಹಿಡೀರಿ, ಲೇಔಟ್ ಸಾಹೇಬ್ರೇ."

"ನೀವು ಹೀಗೆ ನೋಡ್ತಾ ಇದ್ರೆ ಅದು ತಾನಾಗೇ ನಿಲ್ಲುತ್ತೆ, ಮಿಕ್ಸರ್ ಮೇಡಂ."

ಗಾಜಿನಾಚೆ, ಮೊನಚು ಸ್ಪಂಜು ಹೊದಿಸಿದ ಟೆಸ್ಟ್ ಕೋಣೆಯಲ್ಲಿ ಅವನು ನಿಂತಿದ್ದ. ಮೈ ಮುಟ್ಟದೆ ಎದೆಬಡಿತ ಓದುವ ನಮ್ಮ ವೈಡ್‌ಬ್ಯಾಂಡ್ ರಾಡಾರ್ ಚಿಪ್‌ನ ಲೇಔಟ್, ಅಂದರೆ ಒಳನಕ್ಷೆ, ಎಳೆಯುವವನು ಅವನು. ಒಳಗಿನ ಮಿಕ್ಸರ್ ನನ್ನದು. ಅವನ ಎದೆಗೆ ತಾಗಿ ಮರಳುವ ಅಲೆಯ ಕಂಪನದ ವೇಗ ಎಣಿಕೆಗೆ ಸಿಗುವಂಥದ್ದಲ್ಲ. ಅದನ್ನು ನಮ್ಮದೇ ಇನ್ನೊಂದು ಅಲೆಯೊಡನೆ ಬೆರೆಸಿ, ಪರದೆಯಲ್ಲಿ ಓದುವಷ್ಟು ನಿಧಾನಕ್ಕೆ ಇಳಿಸುವುದು ಮಿಕ್ಸರ್‌ನ ಕೆಲಸ. ಉಗುರಿಗಿಂತ ಚಿಕ್ಕ ಸಿಲಿಕಾನ್ ಚೂರಿನಲ್ಲಿ ಅವನ ಹೃದಯ! ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟವನ ಕಥೆ ಹೇಳುತ್ತಿದ್ದ ನನ್ನಜ್ಜಿ ಇದನ್ನು ಸಲೀಸಾಗಿ ನಂಬುತ್ತಿದ್ದಳು.

ಪರದೆಯ ಗೆರೆ ಏರಿತು, ಇಳಿಯಿತು, ಏರಿತು. ಆಮೇಲೆ ಚಪ್ಪಟೆ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟದೇ ಹೋದ ಹಾಗೆ. ತಡವಾಗಿ, ಮತ್ತೆ ಏರಿತು.

"ಮತ್ತದೇ ಸೋರಿಕೆ," ಎಂದೆ. ನಮ್ಮ ಅಲೆ ಸೋರಿ ತನ್ನೊಡನೆ ತಾನೇ ಬೆರೆತರೆ ಗೆರೆಗೆ ಇಂಥ ಮಂಕು ಕವಿಯುತ್ತದೆ. ನಾಳೆ ಚಿಪ್‌ನ ಡಿಸೈನು ತಯಾರಿಕೆಗೆಂದು ಕಾರ್ಖಾನೆಗೆ ಹೋಗಬೇಕು. ಆ ಖಾಲಿಯನ್ನು ತುಂಬುವ ತಿದ್ದುಪಡಿ ಸಿದ್ಧವಿತ್ತು. ಗುಂಡಿ ಒತ್ತಿದರೆ ಸಾಕು.

ಅವನು ಹೊರಬಂದು ನನ್ನ ಕುರ್ಚಿಯ ಹಿಂದೆ ನಿಂತ. "ಒತ್ತಿಬಿಡಿ. ಚೆಂದ ಕಾಣ್ಲಿ." ಅವನ ಬೆರಳು ನನ್ನ ಜಡೆಗೆ ತಾಗಿತು, ತಣ್ಣಗೆ.

"ಮೊದ್ಲು ನಾನೊಂದ್ಸಲ ನಿಲ್ತೀನಿ. ಸೋರಿಕೆ ಆದ್ರೆ ಆ ಖಾಲಿ ನನ್ನ ಗೆರೇಲೂ ಬರ್ಬೇಕಲ್ಲ?"

"ಬೇಡ." ತೀರಾ ಬೇಗ ಅಂದ.

ನಾನು ಒಳಗೆ ಹೋಗಿಬಿಟ್ಟೆ. ಸ್ಪಂಜಿನ ಹಲ್ಲುಗಳು ನನ್ನ ಹೆಜ್ಜೆಯ ಸದ್ದನ್ನೂ ನುಂಗಿದವು. ಗಾಜಿನಾಚೆ ಪರದೆ ನೋಡುತ್ತಿದ್ದವನ ಮುಖದಿಂದ ತುಂಟತನ ಮೆಲ್ಲಗೆ ಆರಿಹೋಯಿತು.

ಹೊರಬಂದು ನೋಡಿದೆ. ನನ್ನ ಗೆರೆಯಲ್ಲಿ ಖಾಲಿ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಮೆಟ್ಲು ಹತ್ತುವಾಗ ಕಣ್ಣು ಕತ್ತಲೆ ಬರುತ್ತೆ. ಅಪ್ಪನಿಗೂ ಬರ್ತಿತ್ತು. ಒಂದಿನ ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ." ನಗಲು ನೋಡಿದ. "ತಪ್ಪು ಮಿಕ್ಸರ್‌ದು ಅಂತ ನೀವೇ ಹೇಳ್ತಿದ್ರಿ. ನಂಬ್ಕೊಂಡು ಹಾಯಾಗಿದ್ದೆ."

"ನನ್ನ ಮಿಕ್ಸರ್ ಸರಿಯಾಗಿದೆ." ಎಷ್ಟೋ ದಿನದಿಂದ ಹೇಳಲು ಹಂಬಲಿಸಿದ್ದ ಮಾತು ಬಾಯಲ್ಲಿ ಕಹಿಯಾಯಿತು. ತಿದ್ದುಪಡಿ ಅಳಿಸಿ ಅವನ ಮಣಿಕಟ್ಟು ಹಿಡಿದೆ. "ನಡೀರಿ, ಆಸ್ಪತ್ರೆಗೆ."

"ನಾಳೆ ಡಿಸೈನ್..."

"ಹಾಳಾಗೋಗ್ಲಿ. ನೀನಿಲ್ದೆ ನಂಗಾಗಲ್ಲ ಕಣೋ."

ಅವನು ನನ್ನನ್ನೇ ನೋಡಿದ. "ಅಂತೂ 'ನೀನು' ಅಂದ್ಯಲ್ಲ."

"ಮಾತು ಸಾಕು. ಮೆಟ್ಲು ಬೇಡ, ಲಿಫ್ಟಿಗೆ ಬಾ."

ಲಿಫ್ಟಿನ ಬಾಗಿಲು ಮುಚ್ಚಿತು. ಅವನು ನನ್ನ ಹೆಗಲಿಗೆ ತಲೆಯಾನಿಸಿದ. ಅಜ್ಜಿಯ ಕಥೆಯಲ್ಲಿ ಗಿಳಿ ಸಿಕ್ಕವರು ಅದರ ಕತ್ತು ಹಿಸುಕುತ್ತಿದ್ದರು. ನನ್ನ ಬೆರಳು ಅವನ ಮಣಿಕಟ್ಟನ್ನು ಹೂ ಹಿಡಿದಂತೆ ಹಿಡಿದಿತ್ತು. ಬೆರಳಡಿ ನಾಡಿ ಬಡಿಯಿತು, ಬಡಿಯಿತು. ಆಮೇಲೆ ಖಾಲಿ.

ನಾನು ಕಾದೆ.